ಕರಿಯಕ್ಕನ ಗಬ್ಬದ ಕುರಿಗಳು

ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಅಂಚಿನ ಹಟ್ಟಿಯಲ್ಲಿ ಕರಿಯಕ್ಕನಷ್ಟು ಕುರಿಯ ಮೈ ಬಲ್ಲವರು ಇನ್ನೊಬ್ಬರಿರಲಿಲ್ಲ. ಹೊಟ್ಟೆ ಸವರಿ ನೋಡಿ, ಇದು ಅಮಾವಾಸ್ಯೆಗೆ ಈಯುತ್ತದೆ ಎಂದರೆ ಅಮಾವಾಸ್ಯೆಗೇ ಈಯುತ್ತಿತ್ತು. ಅಂಥವಳ ಎಣಿಕೆ ತಪ್ಪಿದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ.

ಒಂದು ಮಧ್ಯಾಹ್ನ ಕಾವಲಿನಲ್ಲಿ ನಾಯಿಗಳ ಹಿಂಡೊಂದು ಅವಳ ಹನ್ನೊಂದು ಗಬ್ಬದ ಕುರಿಗಳನ್ನು ಅಟ್ಟಾಡಿಸಿತು. ಕರಿಯಕ್ಕ, ಗಂಡ ಸೂರಪ್ಪ ಇಬ್ಬರೂ ಕೋಲು ಹಿಡಿದು ಓಡಿ ನಾಯಿಗಳನ್ನು ಚದುರಿಸಿದರು. ಒಂದು ಕುರಿಗೂ ಹಲ್ಲು ತಾಗಿರಲಿಲ್ಲ. ಆದರೆ ವಾರದೊಳಗೆ ಮೂರು ಕುರಿಗಳು ಕಂದು ಹಾಕಿದವು, ದಿನ ತುಂಬದ ಮರಿಗಳು ಸತ್ತೇ ಬಿದ್ದವು.

"ಹರಕೆ ಮರೆತಿದ್ದಕ್ಕೆ ದೇವ್ರು ಮುನಿಸ್ಕೊಂಡೈತೆ" ಎಂದ ಸೂರಪ್ಪ. ಕರಿಯಕ್ಕನಿಗೆ ಸಮಾಧಾನವಾಗಲಿಲ್ಲ. ಚಳ್ಳಕೆರೆಯಿಂದ ದನದ ಡಾಕ್ಟರು ಮಲ್ಲಿಕಾರ್ಜುನಪ್ಪನವರನ್ನು ಕರೆಸಿದಳು.

ಅವರು ರೋಗವಿರಬಹುದೇ ಎಂದು ಕುರಿಗಳ ರಕ್ತ ತೆಗೆದುಕೊಂಡರು. ಆಮೇಲೆ ಹೇಳಿದರು: "ನೋಡವ್ವ, ತಾಯಿ ಹೆದರಿದ್ರೆ ಅದರ ರಕ್ತದಾಗೆ ಹಾರ್ಮೋನು ಅನ್ನೋ ರಸ ಏರ್ತೈತೆ. ಒಂದಿಷ್ಟು ಮರಿಗೂ ತಲುಪ್ತೈತೆ. ಇನ್ನೊಂದು ಗೊತ್ತಾ? ಕುರಿಯಾಗೆ ಹೆರಿಗೆ ಸುರು ಮಾಡೋದು ಮರಿ ಮೈಯಾಗೇ ಏರೋ ಅದೇ ರಸ."

"ಹಂಗಾದ್ರೆ ಹೆದರಿದ್ದು ತಾಯಿನೋ ಮರಿನೋ, ಸಾಮಿ?"

"ಎರಡೂ ಅನ್ನು."

"ಮನುಷ್ರಿಗೂ ಹಿಂಗೇನಾ?"

"ಹಂಗೆಲ್ಲ ತಟ್ಟನೆ ಹೇಳಾಕಾಗಲ್ಲ. ಕುರಿ ಬ್ಯಾರೆ, ಮನುಷ್ರು ಬ್ಯಾರೆ."

ಬೇರೆ ಎಂದರೆ ಎಷ್ಟು ಬೇರೆ? ಮಗಳು ನಾಗರತ್ನ ಏಳು ತಿಂಗಳ ಬಸುರಿ, ಚೊಚ್ಚಲ ಹೆರಿಗೆಗೆಂದು ಮೊಳಕಾಲ್ಮೂರಿನಿಂದ ತವರಿಗೆ ಬಂದಿದ್ದಳು. ಕುರಿಗಳ ಸುದ್ದಿ ಅವಳ ಕಿವಿಗೆ ಬೀಳದಂತೆ ಕರಿಯಕ್ಕ ಕಾವಲು ಕೂತಳು. ಗಂಡ ಕೆಮ್ಮಿದರೂ ಕಣ್ಣು ಕೆಕ್ಕರಿಸಿದಳು. ಪಾತ್ರೆಗಳನ್ನು ಸದ್ದಾಗದಂತೆ ಬೆಳಗಿದಳು. ನೆರೆಯವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದಳು.

ಹತ್ತನೇ ದಿನ ನಾಗರತ್ನ ಮುದ್ದೆ ಮುಂದೆ ಕೂತು ಬಿಕ್ಕಿದಳು. "ಅವ್ವಾ, ಎಲ್ರೂ ಪಿಸಪಿಸ ಅಂತೀರಲ್ಲ, ನನ್ನ ಕೂಸಿಗೆ ಏನಾಗೈತೆ? ಮೊನ್ನೆ ನನ್ನ ನೋಡಿಹೋದ ನರ್ಸಮ್ಮ ಏನಂದ್ಲು? ಮೂರು ದಿನದಿಂದ ನಂಗೆ ನಿದ್ದೆ ಇಲ್ಲ."

ಕರಿಯಕ್ಕ ಮಗಳ ಪಕ್ಕ ಬಂದು ಕೂತಳು. ಕಾಯಲು ಹೋಗಿ ತಾನೇ ಹೆದರಿಸಿದೆನೇ? ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದಳು.

ಮಗಳು ಕಣ್ಣೊರೆಸಿಕೊಂಡು, "ಇಷ್ಟೇನಾ? ನಾನೇನು ಕುರಿಯಾ ಅವ್ವಾ?" ಎಂದು ನಕ್ಕಳು. ಆ ನಗು ಹೊಟ್ಟೆಯೊಳಗೆ ಏನು ಏರಿಸುತ್ತದೋ, ಏನು ಇಳಿಸುತ್ತದೋ, ಕರಿಯಕ್ಕನಿಗೆ ತಿಳಿಯಲಿಲ್ಲ.

ಕುರಿಗಳ ರಕ್ತದಲ್ಲಿ ರೋಗವೇನೂ ಸಿಗಲಿಲ್ಲ. ಉಳಿದ ಎಂಟು ಕುರಿಗಳು ಹೊತ್ತಿಗೆ ಸರಿಯಾಗಿ ಈದವು. ಒಂದೇ ನಾಯಿಹಿಂಡು, ಒಂದೇ ಓಟ. ಮೂರಕ್ಕೆ ಹಾಗೆ, ಎಂಟಕ್ಕೆ ಹೀಗೆ ಯಾಕೆ? ಡಾಕ್ಟರನ್ನು ಕೇಳಿದಳು. "ನಂಗೂ ಗೊತ್ತಿಲ್ಲ ಕಣವ್ವ" ಎಂದರು ಅವರು. ಓದಿದವರೇ ಹಾಗೆಂದ ಮೇಲೆ ಇನ್ನಾರನ್ನು ಕೇಳುವುದು?

ನಾಗರತ್ನಳಿಗೆ ದಿನ ತುಂಬಿ ಹೆಣ್ಣುಕೂಸು ಹುಟ್ಟಿತು. ಹೆಸರಿಡುವ ದಿನ ಮೈಕ್‌ಸೆಟ್ಟಿನ ಹಾಡಿಗೆ ಕೂಸು ಬೆಚ್ಚಿಬಿದ್ದು ಅತ್ತಿತು. ಎಲ್ಲ ಕೂಸುಗಳೂ ಹಾಗೇ ಬೆಚ್ಚುತ್ತವೆ ಎಂದರು ಹೆಂಗಸರು. ಹೌದೌದು ಎಂದು ಕರಿಯಕ್ಕ ತಲೆಯಾಡಿಸಿದಳು. ಆಮೇಲೆ ಎದ್ದುಹೋಗಿ, ಸದ್ದು ತಗ್ಗಿಸುವಂತೆ ಮೈಕ್‌ಸೆಟ್ಟಿನವನಿಗೆ ಹೇಳಿ ಬಂದಳು.