ಎರಡು ಗೀರು

ಸೋದರಮಾವ ಮುಂಬೈಯಿಂದ ತಂದಿದ್ದ ಹಳೆಯ ಸ್ಪೋರ್ಟ್ಸ್ ಕಾರು ನನ್ನ ಪಾಲಿಗೆ ಬಂದದ್ದು ಅವನ ಮೊಣಕಾಲು ಕೈಕೊಟ್ಟ ಮೇಲೆ. ಎರಡೇ ಸೀಟು, ನೆಲಕ್ಕೆ ತಾಗುವಷ್ಟು ತಗ್ಗು. ರೋಣದಲ್ಲಿ ಅದನ್ನು ಹೊರಗೆ ತೆಗೆದರೆ ಟ್ರ್ಯಾಕ್ಟರಿನವರು ಮೇಲಿಂದ ಬಗ್ಗಿ, "ಯಾಕ್ರಿ, ಕುಂಡ್ರಾಕ ಹೋಗಿ ಮಲಕೊಂಡೀರೇನು?" ಎನ್ನುತ್ತಿದ್ದರು.

ಅದರ ನಾಡಿ ತಿಳಿದವನು ನರಗುಂದದಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಗೆಳೆಯ ಒಬ್ಬನೇ. ಒಂದನೇ ಇಯತ್ತೆಯಿಂದ ಜೊತೆಗಿದ್ದವನು, ನನಗೆ ಹೆಣ್ಣು ನೋಡಲೂ ಬಂದವನು. ಕಾರನ್ನು ನನಗಿಂತ ಹೆಚ್ಚು ಒರೆಸುತ್ತಿದ್ದವನು ಅವನೇ. ನಾನು ಒಳಗೆ ಕೂತು ಆಕ್ಸಿಲರೇಟರ್ ಒತ್ತುತ್ತಿದ್ದೆ. ಅವನು ಎತ್ತಿದ ಬಾನೆಟ್ಟಿನ ಆಚೆ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸುತ್ತ ಕಿವಿಯಿಂದಲೇ ಟೈಮಿಂಗ್ ಕೂಡಿಸುತ್ತಿದ್ದ. ಕಿಡಿ ಹೊತ್ತಿಗೆ ಸರಿಯಾಗಿ ಬಿದ್ದರೆ ಇಂಜಿನ್ನು ಎಳೆಯುತ್ತದೆ, ತಡವಾದರೆ ಸೊರಗುತ್ತದೆ.

ಹೋದ ವರ್ಷ ಅವನು ಟೈಮಿಂಗ್ ಕೂಡಿಸಿಕೊಟ್ಟ ವಾರದಲ್ಲೇ ಅದು ಸೊರಗಿತು. ಗಜೇಂದ್ರಗಡದ ಏರಿನಲ್ಲಿ ಇಂಜಿನ್ನು ಕಾದು ನಿಂತುಬಿಟ್ಟಿತು. ಗೆಳೆಯ ಮತ್ತೆ ನೋಡಿ ತಲೆಯಾಡಿಸಿದ.

"ಇಂಜಿನ್ ಮುಗದೈತಿ ದೋಸ್ತ. ಸಾಮಾನ ಎಲ್ಲೂ ಸಿಗಾಂಗಿಲ್ಲ. ಗುಜರಿಗೆ ಹಾಕೂದಕ್ಕಿಂತ ನನ್ನ ಹಂತೇಕ ಬಿಡು, ನೆಳ್ಳಾಗರ ಇರತೈತಿ."

ಆಯಿತು, ಕಾರು ತಂದು ಬಿಡುತ್ತೇನೆ ಎಂದೆ. ಅಂದು ಊಟ ಸೇರಲಿಲ್ಲ, ಸುಳ್ಳೇಕೆ ಹೇಳಲಿ. ಇಷ್ಟು ವರ್ಷ ಕಾರಿಗೆ ದುಡಿದವನಿಗೆ ಏನಾದರೂ ಕೊಡಬೇಕೆಂದು ಆನ್‌ಲೈನಿನಲ್ಲಿ ಟೈಮಿಂಗ್ ಲೈಟ್ ತರಿಸಿದೆ. ಕಿಡಿ ಬಿದ್ದಾಗಲೆಲ್ಲ ಮಿಂಚುವ ದೀಪ ಅದು; ತಿರುಗುವ ಪುಲ್ಲಿಯ ಮೇಲಿನ ಗುರುತು ಅದರ ಬೆಳಕಿನಲ್ಲಿ ನಿಂತಂತೆ ಕಂಡು, ಟೈಮಿಂಗ್ ಎಲ್ಲಿದೆಯೆಂದು ತೋರಿಸುತ್ತದೆ. ಕೊಡುವ ಮೊದಲು ನಮ್ಮ ಕಾರಿಗೇ ಹಿಡಿದು ನೋಡಿದೆ. ಕಿಡಿ ಬಹಳ ತಡವಾಗಿ ಬೀಳುತ್ತಿತ್ತು.

ಪಾಪ, ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಎಂದುಕೊಂಡೆ. ಬೋಲ್ಟು ಸಡಿಲಿಸಿ, ಗುರುತು ಸರಿಬರುವವರೆಗೆ ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸಿದೆ. ಇಂಜಿನ್ನಿನ ದನಿಯೇ ಬದಲಾಯಿತು. ಆಗ ಕಂಡವು ಎರಡು ಹೊಸ ಗೀರು. ಡಿಸ್ಟ್ರಿಬ್ಯೂಟರಿನ ಬುಡದಲ್ಲೊಂದು, ಇಂಜಿನ್ನಿನ ಮೈಮೇಲೊಂದು. ಈಗ ಎದುರುಬದುರು ಕೂಡಿ ಒಂದೇ ಗೆರೆಯಾಗಿದ್ದವು. ಮೆಕ್ಯಾನಿಕ್ಕುಗಳು ಏನನ್ನಾದರೂ ಅಲುಗಿಸುವ ಮೊದಲು ಹೀಗೆ ಗೀರಿಕೊಳ್ಳುತ್ತಾರೆ, ಮತ್ತೆ ಅದೇ ಜಾಗಕ್ಕೆ ತರಬೇಕಲ್ಲ. ಅವನ ಕಿವಿಗೆ ಏನೂ ಆಗಿರಲಿಲ್ಲ. ಬೇಕೆಂದೇ ಟೈಮಿಂಗ್ ಹಿಂದಕ್ಕೆ ಸರಿಸಿದ್ದ, ಕಾರು ತನ್ನದಾದ ಮೇಲೆ ಸರಿಮಾಡಿಕೊಳ್ಳಲು ಗುರುತು ಇಟ್ಟುಕೊಂಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮರುದಿನ ನರಗುಂದಕ್ಕೆ ಹೋಗಿ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಗಜೇಂದ್ರಗಡದ ಕಡೆ ಹೊರಟೆ. ಯಾರ ಗಾಡಿ ಕೆಮ್ಮಿದರೂ ಮದ್ದು ಹೇಳುವವನು ದಾರಿಯುದ್ದಕ್ಕೂ ಇಂಜಿನ್ನಿನ ದನಿಗೆ ಕಿವಿಗೊಟ್ಟು ಕೂತಿದ್ದ. ಕಾರು ಏರನ್ನು ಸಲೀಸಾಗಿ ಹತ್ತಿತು.

"ಗೀರು ಕಂಡ್ವು," ಎಂದೆ.

ಅವನು ಹೊರಗೆ ನೋಡುತ್ತಲೇ ಇದ್ದ. "ಬಾಯಿಬಿಟ್ಟು ಕೇಳಿದ್ರ ನೀ ಕೊಡ್ತಿದ್ದ್ಯೇನು?"

"ಕೊಡತಿದ್ದೆ."

ಅದು ಖರೇ ಮಾತು. ಕೇಳಿದ್ದರೆ ಆ ದಿನವೇ ಕಾರು ಅವನಿಗೆ ಬಿಟ್ಟು ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆ. ಅವನು ತಿರುಗಿ ನನ್ನ ಮುಖ ನೋಡಿ ನಕ್ಕ. ನಂಬಲಿಲ್ಲ.