ಲೈಕಿಗೊಂದು ಮುಯ್ಯಿ

ನಮ್ಮ ಸಂಸ್ಥೆಗೆ ಇರುವುದು ಒಂದೇ ವ್ಯಾನು. ರಾಮನಗರದಿಂದ ಹೊರಟು ಚನ್ನಪಟ್ಟಣ, ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ನಿಂತು ವಯಸ್ಸಾದವರ ಕಣ್ಣು ನೋಡಿ ಕನ್ನಡಕ ಕೊಡುತ್ತದೆ. ಪೊರೆ ಬಂದವರನ್ನು ಆಪರೇಷನ್ನಿಗೆ ಕರೆದೊಯ್ದು ವಾಪಸ್ ಬಿಡುತ್ತದೆ. ಎಲ್ಲಾ ಪುಕ್ಕಟೆ. ಅದರ ಫೇಸ್‌ಬುಕ್ ಪೇಜು ನೋಡಿಕೊಳ್ಳುವುದು ನನ್ನ ಕೆಲಸ. ವ್ಯಾನಿನ ಪಕ್ಕ ನಿಂತು ಚೆಂದದ ಸೆಲ್ಫಿ ತೆಗೆಯುತ್ತೇನೆ ಎಂಬುದೊಂದೇ ನನ್ನ ಅರ್ಹತೆ.

ವ್ಯಾನಿನ ಖರ್ಚು ನೋಡಿಕೊಳ್ಳುವ ಬೆಂಗಳೂರಿನ ಮೇಡಂ, "ಪೇಜಿಗೆ ಲೈಕ್ ಬರಬೇಕು" ಎಂದರು. ಬರಬೇಕು ತಾನೆ? ತರಿಸಿದೆ. ನಮ್ಮ ಕಡೆ ಯಾರ ಮದುವೆಗಾದರೂ ಹೋಗಿ ಮುಯ್ಯಿ ಮಾಡಿದರೆ, ನಮ್ಮ ಮನೆಯ ಮದುವೆಗೆ ಅವರು ಬಂದು ಆ ಮುಯ್ಯಿ ತೀರಿಸಲೇಬೇಕು. ನಾನು ಅದನ್ನೇ ಫೋನಿಗೆ ಹಾಕಿದೆ. ನೆಂಟರ ಮಗುವಿನ ಕೂದಲು ತೆಗೆಸಿದ ಫೋಟೋಗೆ ಲೈಕ್, ಹೊಸ ಟ್ರ್ಯಾಕ್ಟರಿನ ಪೂಜೆಗೆ ಲೈಕ್, ಸೀಮೆಹಸುವಿನ ಕರುವಿಗೂ ಲೈಕ್. ಅವರೆಲ್ಲ ತಿರುಗಿ ನಮ್ಮ ಪೇಜಿಗೆ ಒತ್ತಿದರು. ಎಲ್ಲರಿಗಿಂತ ಮುಂದೆ ಉಯ್ಯಂಬಳ್ಳಿಯ ನನ್ನ ಸೋದರತ್ತೆ. ನಾನು ಪೋಸ್ಟ್ ಹಾಕಿ ಫೋನು ಕೆಳಗಿಡುವಷ್ಟರಲ್ಲಿ ಅವಳ ಕೆಂಪು ಹಾರ್ಟು ಬಂದು ಕೂತಿರುತ್ತಿತ್ತು. ಲೈಕಿನ ಗ್ರಾಫು ಏರಿತು. ನಾನು ಆಫೀಸಿನಲ್ಲಿ ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ.

ಆದರೆ ಕ್ಯಾಂಪಿಗೆ ಜನವೇ ಇಲ್ಲ. ತಿಪ್ಪಸಂದ್ರದಲ್ಲಿ ಡಾಕ್ಟರು ನೊಣ ಹೊಡೆಯುತ್ತಾ ಕೂತರು. ಉಯ್ಯಂಬಳ್ಳಿಯಲ್ಲಿ ನಾಯಿಯೊಂದು ವ್ಯಾನಿನ ನೆರಳಲ್ಲಿ ಮಲಗಿ ಎದ್ದು ಹೋಯಿತು. ಮೇಡಂ ಫೋನ್ ಮಾಡಿದರು. ಉಯ್ಯಂಬಳ್ಳಿಯಲ್ಲೇ ಇನ್ನೊಂದು ಕ್ಯಾಂಪ್ ಮಾಡಿ, ನಾನೇ ಬಂದು ನೋಡುತ್ತೇನೆ, ಆಗಲೂ ಜನ ಬರದಿದ್ದರೆ ವ್ಯಾನು ಬೇರೆ ಜಿಲ್ಲೆಗೆ ಎಂದು ತಣ್ಣಗೆ ಹೇಳಿ ಇಟ್ಟರು.

ನನಗೆ ಪಿತ್ತ ನೆತ್ತಿಗೇರಿತು. ಮೇಡಂಗೆ ಬೈಯುವಂತಿಲ್ಲ. ಅತ್ತೆಗೆ ಫೋನ್ ಮಾಡಿದೆ.

"ಏನತ್ತೆ, ನಿಮ್ಮೂರ ಕ್ಯಾಂಪಿನ ಪೋಸ್ಟರ್‌ಗೆ ಎಲ್ರಿಗಿಂತ ಮೊದ್ಲು ನೀನೇ ಹಾರ್ಟ್ ಒತ್ತಿದ್ದೆ. ಊರಿಗೇ ವ್ಯಾನ್ ಬಂದ್ರೆ ಬರಕ್ಕೇನಾಗಿತ್ತು ನಿಂಗೆ?"

"ಯಾವ ಕ್ಯಾಂಪೇ? ನೀನೇನೋ ಹೊಸ ಸೀರೆ ಉಟ್ಕಂಡು ನಿಂತಿದ್ದೀಯ ಅನ್ಕಂಡೆ ಕಣೆ. ಮಬ್ಬುಮಬ್ಬಾಗಿ ಬೆಳ್ಳಗೆ ಏನೋ ಕಾಣ್ತು. ನಮ್ಮುಡುಗೀದಲ್ವಾ ಅಂತ ಒತ್ಬುಟ್ಟೆ."

"ಮಬ್ಬಾಗಿ ಕಾಣ್ತದಾ ನಿಂಗೆ?"

"ಎಲ್ಡು ಕಣ್ಣೂ ಅಂಗೇ ಐತೆ. ಅಕ್ಕೀಲಿ ಕಲ್ಲು ಕಾಣಕಿಲ್ಲ. ನಿಮ್ಮಾವನ ಮುಖಾನೂ ಕಾಣಕಿಲ್ಲ, ಅದೊಂದ್ ಒಳ್ಳೇದಾಯ್ತು. ಬಸ್ಸತ್ತಿ ಆಸ್ಪತ್ರೆಗೆ ಬಾ ಅಂದ್ರೆ ಮಾತ್ರ ಬರಕಿಲ್ಲ, ಈಗ್ಲೇ ಯೋಳ್ಬುಟ್ಟಿದೀನಿ."

ಅಯ್ಯೋ ನನ್ನ ಬುದ್ಧಿಯೇ! ಕಣ್ಣು ಕಾಣದವರ ಕ್ಯಾಂಪಿಗೆ ಇರುವೆ ಸಾಲಿನಂಥ ಅಕ್ಷರದ ಪೋಸ್ಟರು. ಅದನ್ನು ಓದಬಲ್ಲವರಿಗೆ ನಮ್ಮ ಡಾಕ್ಟರೇ ಬೇಕಿಲ್ಲ. ನಗು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ವ್ಯಾನು ಹೋದರೆ ಅತ್ತೆ ಜಪ್ಪಯ್ಯ ಅಂದರೂ ಇನ್ನೆಲ್ಲೂ ಕಣ್ಣು ತೋರಿಸುವವಳಲ್ಲ.

ಅವತ್ತು ಲೈಕುಗಳನ್ನು ಬದಿಗಿಟ್ಟು ಪೇಜಿನ ಉಳಿದ ಅಂಕಿಅಂಶಗಳನ್ನು ಮೊದಲ ಸಲ ತೆರೆದು ನೋಡಿದೆ. ಪೋಸ್ಟರುಗಳನ್ನು ಒಬ್ಬರೂ ಇನ್ನೊಬ್ಬರಿಗೆ ಕಳಿಸಿರಲಿಲ್ಲ. ಜನ ಕೊನೆತನಕ ನೋಡಿ, ಕೇಳಿ, ಊರೆಲ್ಲ ಹಂಚಿದ್ದು ಒಂದೇ ವಿಡಿಯೋ. ನಮ್ಮ ಡ್ರೈವರು ದಾರಿಗೆ ಅಡ್ಡ ನಿಂತ ಎಮ್ಮೆಯ ಜೊತೆ ಜಗಳಕ್ಕೆ ಬಿದ್ದದ್ದು. ಅದನ್ನು ನಾನು ಕೈತಪ್ಪಿ ಹಾಕಿದ್ದೆ. ಇನ್ನೊಂದು ಸಂಗತಿ: ಜನ ಫೋನು ತೆರೆಯುವುದು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ. ನಾನು ಪೋಸ್ಟ್ ಹಾಕುತ್ತಿದ್ದುದು ನನ್ನ ಊಟ ಮುಗಿದ ಮೇಲೆ, ಆರಾಮಾಗಿ.

ಕನಕಪುರದಲ್ಲಿ ಬಸ್ಸು ಬದಲಿಸಿ ಅತ್ತೆಯ ಮನೆಗೆ ಹೋದೆ. ಅವಳ ಬಾಯಿಗೆ ಊರೇ ಹೆದರುತ್ತದೆ. "ಎಲ್ಲರನ್ನೂ ಬೈದು ಕರಿ" ಎಂದು ವಿಡಿಯೋ ತೆಗೆಯಲು ಫೋನು ಹಿಡಿದೆ.

"ಲೇ, ಕೇಳುಸ್ಕಳ್ರೋ! ಸೋಮವಾರ ಡೇರಿ ಮುಂದ್ಕೆ ಕಣ್ಣಿನ್ ವ್ಯಾನ್ ಬತ್ತೈತೆ. ಕಾಸುಗೀಸು ಕೊಡಂಗಿಲ್ಲ. ನಿಮ್ಮೆಂಡ್ರು ಯಾರು, ಪಕ್ಕದ್ಮನೆಯೋಳು ಯಾರು ಅಂತ ಒಸಿ ನೆಟ್ಟಗೆ ನೋಡ್ಕಬೇಕು ಅನ್ನೋರೆಲ್ಲಾ ಬನ್ರೋ. ನಾನೂ ಬತ್ತೀನಿ!"

ಹಾಲಿನ ಹೊತ್ತು ನೋಡಿ ಅದನ್ನು ಪೇಜಿಗೂ ಊರೂರಿನ ವಾಟ್ಸಾಪ್ ಗುಂಪುಗಳಿಗೂ ಬಿಟ್ಟೆ. ಲೈಕು ಅಷ್ಟಕ್ಕಷ್ಟೆ. ಆದರೆ ಸೋಮವಾರ ಸಾಲು ಡೇರಿಯ ಜಗುಲಿ ದಾಟಿ ರಸ್ತೆಗೆ ಬಂದಿತ್ತು. ಅರ್ಧ ಜನ ಕಣ್ಣು ತೋರಿಸಲು ಬಂದಿದ್ದರು, ಇನ್ನರ್ಧ ಜನ ಅತ್ತೆಯ ಜೊತೆ ಜಗಳಕ್ಕೆ. ಡಾಕ್ಟರು ಎರಡೂ ಗುಂಪಿನವರನ್ನು ಬಿಡದೆ ಕೂರಿಸಿ ನೋಡಿದರು. ಮೇಡಂ ಕಣ್ಣರಳಿಸಿ, "ಏನಿದು ನಿಮ್ಮ ಸ್ಟ್ರಾಟಜಿ?" ಎಂದರು. "ನಮ್ಮ ಸೋದರತ್ತೆ" ಎಂದೆ. ವ್ಯಾನು ಇಲ್ಲೇ ಉಳಿಯಿತು.

ಅತ್ತೆಯನ್ನು ಅದೇ ವ್ಯಾನು ಆಪರೇಷನ್ನಿಗೆ ಕರೆದೊಯ್ದಿತು. ಎರಡೂ ಕಣ್ಣು ಸರಿಹೋದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಜಗುಲಿಯ ಮೇಲೆ ಕೂತು ನಮ್ಮ ಪೇಜನ್ನು ಬುಡದಿಂದ ನೋಡಿದ್ದು. ನಾನು ಪಕ್ಕದಲ್ಲೇ ಇದ್ದೆ.

"ಥೂ, ಇದ್ಕೆಲ್ಲಾ ಹಾರ್ಟ್ ಕೊಟ್ಟಿದ್ನಾ ನಾನು? ಈ ಸೀರೆ ನಿಂಗೆ ಒಂಚೂರೂ ಒಪ್ಪಕಿಲ್ಲ ಕಣೆ" ಎಂದು ಒಂದೊಂದೇ ಹಾರ್ಟನ್ನು ಒತ್ತಿ ಒತ್ತಿ ವಾಪಸ್ ತೆಗೆದಳು.

ಮಾರನೆಯ ದಿನ ಗ್ರಾಫು ಮೊದಲ ಸಲ ಒಂಚೂರು ಕೆಳಗಿಳಿದಿತ್ತು. ಅದನ್ನು ಪ್ರಿಂಟ್ ತೆಗೆದು ನನ್ನ ಮೇಜಿನ ಎದುರಿಗೇ ಅಂಟಿಸಿಕೊಂಡಿದ್ದೇನೆ.