ಸಮುದ್ರವಿಲ್ಲದ ಯುಗಾಂಡಾ

ಇವತ್ತು ಬಾಳೆಎಲೆಯಲ್ಲಿ ಕಡುಬು ಬೇಯಿಸುವಾಗ ಎದ್ದ ಹಬೆ ನನ್ನನ್ನು ಮರಾಠಿ ನಾಡಿನ ಸಂಭಾಜಿನಗರದಲ್ಲಿದ್ದ ನಮ್ಮ ಹೋಟೆಲಿನ ಅಡುಗೆಮನೆಗೆ ಎಳೆದೊಯ್ಯಿತು.

ಯುಗಾಂಡಾದಿಂದ ಓದಲು ಬಂದಿದ್ದ ಅಣ್ಣನೊಬ್ಬ ಬಾಳೆಕಾಯಿ ತಂದು, ಎಲೆಯಲ್ಲಿ ಸುತ್ತಿ ಬೇಯಿಸಿಕೊಡಿ ಎಂದಿದ್ದ. ಅವರಲ್ಲಿ ಅದೇ ಊಟವಂತೆ. ಅಪ್ಪ ಇಡ್ಲಿ ಪಾತ್ರೆಯಲ್ಲಿ ಬೇಯಿಸಿದರು. ಆದರೆ ಕುಂದಾಪುರದ ಕೈ ಸುಮ್ಮನಿರಬೇಕಲ್ಲ, ಸಾಸಿವೆ ಒಗ್ಗರಣೆಯನ್ನೂ ಸುರಿದುಬಿಟ್ಟರು. ಅವನು ನಗುತ್ತಲೇ ತಿಂದ.

ತನ್ನ ದೇಶಕ್ಕೆ ಸಮುದ್ರವಿಲ್ಲ ಎಂದು ಅವನು ಹೇಳಿದಾಗ, ಹಿಂದಿಯಲ್ಲಿ ಮಾತಾಡುತ್ತಿದ್ದ ಅಪ್ಪ ಬೆರಗಾಗಿ ಕನ್ನಡಕ್ಕೇ ಇಳಿದರು.

“ಸಮುದ್ರವೇ ಇಲ್ವಾ? ಹಾಗಾದ್ರೆ ಸಂಜೆ ಎಲ್ಲಿ ಹೋಗಿ ಕೂತ್ಕೊಳ್ಳೋದು ಮಾರಾಯ?”

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಆಚೆ ದಡ ಕಾಣದಷ್ಟು ದೊಡ್ಡ ಸರೋವರವಿದೆ, ನೀರು ಸಿಹಿ ಎಂದ ಅವನು.

“ಅಷ್ಟು ದೊಡ್ಡದಿದ್ದೂ ಉಪ್ಪಿಲ್ವಾ!” ಅಪ್ಪನಿಗೆ ನಂಬಿಕೆ ಬರಲಿಲ್ಲ.

ಕಡುಬು ಬೆಂದಿದೆ. ಸಂಭಾಜಿನಗರಕ್ಕೂ ಸಮುದ್ರವಿಲ್ಲ. ಅಲ್ಲಿ ಅಪ್ಪ ಸಂಜೆ ಎಲ್ಲಿ ಹೋಗಿ ಕೂರುತ್ತಿದ್ದರು?